ಪ್ರೈಮರಿ ಮಕ್ಕಳಿಗೆ ಬೇರೆ ದೇಶದ ಶಾಲೆಯ ಗೆಳೆತನ: ಎಲ್ಲಿಂದ ಶುರು ಮಾಡಬೇಕು?

"ನಮ್ಮ ಮಕ್ಕಳಿಗೆ ಬೇರೆ ದೇಶದ ಶಾಲೆಯ ಪರಿಚಯ ಮಾಡಿಸಬೇಕು ಅಂತಿದ್ದೇವೆ. ಯಾವ ದೇಶ ಒಳ್ಳೆಯದು?" ಪ್ರೈಮರಿ ಶಾಲೆಯ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪ್ರತಿ ಸಲ ನನ್ನ ಉತ್ತರ ಒಂದೇ: ದೇಶದ ಮಾತು ಆಮೇಲೆ ನೋಡೋಣ, ಮೊದಲು ನಿಮ್ಮ ಮಕ್ಕಳಿಗೆ ಏನು ತಿಳಿಯಬೇಕಾಗಿದೆ ಹೇಳಿ. ಕೇಳುವುದಕ್ಕೆ ಒಂದು ನಿಜವಾದ ಪ್ರಶ್ನೆ ಇದ್ದರೆ ಯಾವ ದೇಶದ ಶಾಲೆ ಸಿಕ್ಕರೂ ಗೆಳೆತನ ನಡೆಯುತ್ತದೆ. ಪ್ರಶ್ನೆಯೇ ಇಲ್ಲದಿದ್ದರೆ ಮೊದಲ ವಿಡಿಯೋ ಕಾಲ್‌ನಲ್ಲಿ ಎರಡೂ ಕಡೆ ಕೈ ಬೀಸಿ, "ಹಲೋ" ಹೇಳಿ, ಅಲ್ಲಿಗೇ ಮುಗಿದುಹೋಗುತ್ತದೆ.

ಶುರು ಮಾಡುವ ಮುಂಚೆ, ಈ ಗೆಳೆತನದ ಹಿಂದಿರುವ ಒಂದು ಪದ ಬಿಡಿಸಿಕೊಳ್ಳೋಣ. ಜಾಗತಿಕ ಪೌರತ್ವ ಅಂದರೆ ಪಾಸ್‌ಪೋರ್ಟಿನ ವಿಷಯ ಅಲ್ಲ, ಸ್ವಂತ ಊರು, ದೇಶ ಮರೆಯುವುದೂ ಅಲ್ಲ. ನಮ್ಮ ಬದುಕಿಗೂ ದೂರದ ಜನರ ಬದುಕಿಗೂ ಕೊಂಡಿ ಇದೆ ಎಂದು ಗೊತ್ತಾಗುವುದು, ಆ ಜನರನ್ನು ಸಮಾನವಾಗಿ ನೋಡುವುದು, ಎಲ್ಲರಿಗೂ ಸೇರಿದ ತೊಂದರೆಗಳಲ್ಲಿ ತನ್ನ ಪಾಲಿನ ಕೆಲಸ ಮಾಡುವುದು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದು ಶಿಕ್ಷಣದ್ದು. ಅದರೊಳಗಿನ 4.7 ಎಂಬ ಅಂಶ 2030ರ ಹೊತ್ತಿಗೆ ಎಲ್ಲ ಕಲಿಯುವವರಿಗೂ ಇದು ಸಿಗಬೇಕು ಎನ್ನುತ್ತದೆ. ಮುಖ್ಯ ಶಿಕ್ಷಕರೋ ಪೋಷಕರೋ "ಇದೆಲ್ಲ ಯಾಕೆ?" ಎಂದು ಕೇಳಿದರೆ ಈ ಸಂಖ್ಯೆ ನೆನಪಿರಲಿ.

ಬೇಕಾಗುವುದು ಜಾಸ್ತಿ ಏನೂ ಇಲ್ಲ. ಒಂದು ಗ್ಲೋಬ್, ಗೋಡೆಗೆ ಹಾಕುವ ಒಂದು ಪ್ರಪಂಚದ ನಕ್ಷೆ, ಶಾಲೆಯ ಹೆಸರಿನಲ್ಲಿರುವ ಒಂದು ಇಮೇಲ್, ವಾರಕ್ಕೆ ಒಂದು ಪೀರಿಯಡ್. ನಿಮ್ಮ ಜೊತೆ ಇನ್ನೊಬ್ಬ ಶಿಕ್ಷಕರೂ ಇರಲೇಬೇಕು. ಒಬ್ಬರೇ ನಡೆಸುವ ಗೆಳೆತನ ಅವರಿಗೆ ವರ್ಗವಾದ ದಿನವೇ ನಿಂತುಹೋಗುತ್ತದೆ. ಪ್ರತಿ ಮಗುವಿಗೂ ಟ್ಯಾಬ್ ಬೇಕಿಲ್ಲ.

ಹಂತ 1: ಮೊದಲ ಎರಡು ವಾರ ನಿಮ್ಮ ತರಗತಿಯಲ್ಲೇ ಇರಿ

ಬೇರೆ ಶಾಲೆ ಹುಡುಕುವ ಮುಂಚೆ ಮೂರು ಕೆಲಸ ಮಾಡಿ.

ಒಂದು, ಲೇಬಲ್ ಹುಡುಕುವ ಆಟ. ಬಟ್ಟೆ, ಬ್ಯಾಗು, ಪೆನ್ಸಿಲ್ ಬಾಕ್ಸು, ಆಟಿಕೆ, ಯಾವುದೆಲ್ಲ ಎಲ್ಲಿ ತಯಾರಾಗಿದೆ ಎಂದು ಮಕ್ಕಳು ಓದಲಿ. ನಕ್ಷೆಯಲ್ಲಿ ಆ ಜಾಗಕ್ಕೆ ಪಿನ್ ಚುಚ್ಚಿ, ಅಲ್ಲಿಂದ ನಿಮ್ಮ ಶಾಲೆಗೆ ದಾರ ಎಳೆಯಿರಿ. ಅರ್ಧ ಗಂಟೆಯಲ್ಲಿ ಗೋಡೆ ತುಂಬ ದಾರ ಆಗುತ್ತದೆ. "ಇದನ್ನು ಹೊಲಿದವರು ಯಾರು ಟೀಚರ್?" ಎಂದು ಒಂದು ಮಗುವಾದರೂ ಕೇಳುತ್ತದೆ. ಉತ್ತರ ಹೇಳಿಬಿಡಬೇಡಿ. ಬರೆದಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಎರಡು, ನಕ್ಷೆ ಮತ್ತು ಗ್ಲೋಬ್ ಪಕ್ಕಪಕ್ಕ ಇಡಿ. ಗೋಡೆಗೆ ಹಾಕುವ ಎಷ್ಟೋ ನಕ್ಷೆಗಳು ಮರ್ಕೇಟರ್ ವಿಧಾನದವು. ಅಂದರೆ ಉರುಟು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವದ ಕಡೆಯ ಜಾಗಗಳನ್ನು ಹಿಗ್ಗಿಸಿ ತೋರಿಸುವಂಥವು. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ. ನಿಜವಾಗಿ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು. ತೆಳು ಕಾಗದವನ್ನು ಗ್ಲೋಬ್ ಮೇಲಿಟ್ಟು ಎರಡರ ಅಂಚನ್ನೂ ಬರೆದು ಕತ್ತರಿಸಿದರೆ ಮೂರನೇ ತರಗತಿಯ ಮಗುವಿಗೂ ಇದು ಕಣ್ಣಿಗೇ ಕಾಣುತ್ತದೆ. ಹಾಗೇ, ಆಫ್ರಿಕಾ ಒಂದು ದೇಶ ಅಲ್ಲ, ವಿಶ್ವಸಂಸ್ಥೆಯ ಸದಸ್ಯರಾದ 54 ದೇಶಗಳು ಅಲ್ಲಿವೆ ಎನ್ನುವುದನ್ನೂ ಈಗಲೇ ಹೇಳಿಬಿಡಿ.

ಮೂರು, ಚಿತ್ರ. ಬೇರೆ ದೇಶದ ಶಾಲೆ ಹೇಗಿರಬಹುದು ಎಂದು ಮಕ್ಕಳು ಮನಸ್ಸಿಗೆ ಬಂದಂತೆ ಬರೆಯಲಿ. ತಿದ್ದಬೇಡಿ, ನಗಬೇಡಿ. ತಾರೀಕು ಹಾಕಿ ಎತ್ತಿಡಿ. ವರ್ಷದ ಕೊನೆಯಲ್ಲಿ ಇವುಗಳ ಮೌಲ್ಯ ನಿಮಗೇ ಗೊತ್ತಾಗುತ್ತದೆ.

ಹಂತ 2: ಒಂದೇ ಒಂದು ಪ್ರಶ್ನೆ ಆರಿಸಿ

"ಸಂಸ್ಕೃತಿಗಳ ವಿನಿಮಯ" ಅನ್ನುವುದು ಪ್ರಶ್ನೆ ಅಲ್ಲ. ಪ್ರಶ್ನೆ ಅಂದರೆ ಮಕ್ಕಳು ತಾವೇ ನೋಡಿ, ಎಣಿಸಿ, ಅಳೆದು ಉತ್ತರ ಹುಡುಕುವಂಥದ್ದು. ಬಿಡುವಿನ ಹೊತ್ತಿನಲ್ಲಿ ಯಾವ ಆಟ ಆಡುತ್ತೇವೆ, ಅದರ ನಿಯಮ ಏನು? ಒಂದು ದಿನದಲ್ಲಿ ನಮ್ಮ ತರಗತಿಯಿಂದ ಎಷ್ಟು ಕಸ ಹೊರಬೀಳುತ್ತದೆ? ಕುಡಿಯುವ ನೀರು ನಮ್ಮ ಶಾಲೆಗೆ ಎಲ್ಲಿಂದ ಬರುತ್ತದೆ? ಮಧ್ಯಾಹ್ನ ನಮ್ಮ ನೆರಳು ಎಷ್ಟು ಉದ್ದ?

ಪಠ್ಯದಲ್ಲಿ ಹೇಗೂ ಇರುವ ಪಾಠಕ್ಕೆ ಇದನ್ನು ಜೋಡಿಸಿ. ಆಗ ಪೋರ್ಷನ್ ಹಿಂದೆ ಬೀಳುವುದಿಲ್ಲ. ನೆರಳು ವಿಜ್ಞಾನಕ್ಕೆ, ಕಸ ತೂಗುವುದು ಗಣಿತಕ್ಕೆ, ಆಟದ ನಿಯಮ ಬರೆಯುವುದು ಭಾಷೆಗೆ ಸೇರುತ್ತದೆ.

ನನಗೆ ತುಂಬ ಇಷ್ಟವಾದದ್ದು ನೆರಳು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ. ಎರಡೂ ಶಾಲೆಯ ಕೈಯಲ್ಲಿರುವುದು ಒಂದು ಮೀಟರ್ ಉದ್ದದ ಕೋಲು, ಅಷ್ಟೇ.

ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಇರುವ ದಿನಗಳನ್ನು ವಿಷುವ ಎನ್ನುತ್ತಾರೆ. ಅವು ಮಾರ್ಚ್ 20ರ ಆಸುಪಾಸು ಮತ್ತು ಸೆಪ್ಟೆಂಬರ್ 22 ಅಥವಾ 23ರ ಹೊತ್ತಿಗೆ ಬರುತ್ತವೆ. ಆ ದಿನ ಕೋಲನ್ನು ಬಯಲಲ್ಲಿ ನೆಟ್ಟಗೆ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕೋಲು ವಾಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಗಡಿಯಾರದ 12 ಗಂಟೆಯನ್ನು ನಂಬಬೇಡಿ. ಸೂರ್ಯ ನೆತ್ತಿಗೆ ಬರುವ ಹೊತ್ತು ಊರಿಂದ ಊರಿಗೆ ಬೇರೆ. ಅದಕ್ಕೇ ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿಸಿ. ಎಲ್ಲಕ್ಕಿಂತ ಚಿಕ್ಕ ನೆರಳೇ ನಿಮಗೆ ಬೇಕಾದದ್ದು.

ಅವತ್ತು ಭೂಮಧ್ಯರೇಖೆಗೆ ಹತ್ತಿರದ, ಕೆನ್ಯಾದ ನೈರೋಬಿಯಲ್ಲಿ ಆ ನೆರಳು ಸುಮಾರು 2 ಸೆಂಟಿಮೀಟರ್, ಅದೂ ದಕ್ಷಿಣಕ್ಕೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಉತ್ತರಕ್ಕೆ ಸುಮಾರು 174 ಸೆಂಟಿಮೀಟರ್. 45 ಡಿಗ್ರಿ ಅಕ್ಷಾಂಶದ ಊರಲ್ಲಾದರೆ ಕೋಲಿನಷ್ಟೇ ಉದ್ದ. ದೊಡ್ಡ ಮಕ್ಕಳು ಕೋಲು ಮತ್ತು ನೆರಳನ್ನು ಅಳತೆಗೆ ತಕ್ಕಂತೆ ಹಾಳೆಯ ಮೇಲೆ ಬರೆದು, ಎರಡರ ತುದಿಗಳನ್ನೂ ಗೆರೆಯಿಂದ ಸೇರಿಸಿ, ಕೋಲಿನ ತುದಿಯಲ್ಲಿ ಆಗುವ ಕೋನವನ್ನು ಕೋನಮಾಪಕದಿಂದ ಅಳೆಯಬಹುದು. ನೈರೋಬಿಯದು ಸುಮಾರು 1 ಡಿಗ್ರಿ, ಹೆಲ್ಸಿಂಕಿಯದು 60. ನೆರಳು ಎದುರುಬದುರು ದಿಕ್ಕಿಗೆ ಬೀಳುವುದರಿಂದ ಎರಡನ್ನೂ ಕೂಡಿಸಬೇಕು: 61. ಒಂದೇ ದಿಕ್ಕಿಗೆ ಬಿದ್ದರೆ ಕಳೆಯಬೇಕು. ಈ ಎರಡು ಊರುಗಳ ನಡುವೆ ಉತ್ತರ-ದಕ್ಷಿಣ ಅಂತರ ಸುಮಾರು 6,800 ಕಿಲೋಮೀಟರ್. 61 ಡಿಗ್ರಿಗೆ ಇಷ್ಟು ದೂರವಾದರೆ 360 ಡಿಗ್ರಿಗೆ ಎಷ್ಟು? ಸುಮಾರು 40,000 ಕಿಲೋಮೀಟರ್ ಬರುತ್ತದೆ. ಅದೇ ಭೂಮಿಯ ಸುತ್ತಳತೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ತನೀಸ್ ಎಂಬ ಪಂಡಿತ ಈಜಿಪ್ಟಿನ ಎರಡು ಊರುಗಳನ್ನು ಇಟ್ಟುಕೊಂಡು ಮಾಡಿದ ಲೆಕ್ಕವೂ ಇದೇ. ಒಂದು ಶಾಲೆಯಿಂದ ಇದು ಆಗುವುದಿಲ್ಲ. ಗೆಳೆಯರ ಅಳತೆ ಕೈಗೆ ಬಂದರೆ ಮಾತ್ರ ಲೆಕ್ಕ ಮುಂದೆ ಹೋಗುತ್ತದೆ. ಮಕ್ಕಳು ಆ ಇಮೇಲ್‌ಗಾಗಿ ಕಾಯುವ ರೀತಿಯನ್ನು ನೀವೇ ನೋಡಬೇಕು.

ಮೋಡ ಕವಿದರೆ ಮಾರನೇ ದಿನ ಅಳೆಯಿರಿ. ಒಂದು ದಿನ ಹಿಂದೆಮುಂದೆ ಆದರೆ ಅರ್ಧ ಡಿಗ್ರಿಯಷ್ಟೂ ವ್ಯತ್ಯಾಸ ಬರುವುದಿಲ್ಲ. ಮಕ್ಕಳು ಸೂರ್ಯನನ್ನು ನೇರವಾಗಿ ನೋಡದಂತೆ ಮೊದಲೇ ಎಚ್ಚರಿಸಿ.

ಹಂತ 3: ಶಾಲೆ ಹುಡುಕಿ

ಮೂರು ದಾರಿ ನನಗೆ ಭರವಸೆಯವು. 1988ರಲ್ಲಿ ನ್ಯೂಯಾರ್ಕ್ ಮತ್ತು ಮಾಸ್ಕೋದ ಶಾಲೆಗಳ ನಡುವೆ ಶುರುವಾದ ಐಅರ್ನ್ ಎಂಬ ಜಾಲ ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಅಲ್ಲಿ ಶಿಕ್ಷಕರು ದೇಶಕ್ಕಿಂತ ಮೊದಲು ಯೋಜನೆಯನ್ನು ಆರಿಸಿಕೊಳ್ಳುತ್ತಾರೆ. 1953ರಿಂದ ನಡೆಯುತ್ತಿರುವ ಯುನೆಸ್ಕೋದ ಸಹಯೋಗಿ ಶಾಲೆಗಳ ಜಾಲಕ್ಕೆ ಸೇರಲು ಆಯಾ ದೇಶದ ಯುನೆಸ್ಕೋ ರಾಷ್ಟ್ರೀಯ ಆಯೋಗದ ಮೂಲಕ ಹೋಗಬೇಕು, ಸಮಯ ಹಿಡಿಯುತ್ತದೆ. 2005ರಲ್ಲಿ ಬಂದ ಇಟ್ವಿನಿಂಗ್ ಎಂಬ ಜಾಲ ಮುಖ್ಯವಾಗಿ ಯುರೋಪಿನ ಶಾಲೆಗಳಿಗೆ.

ನಾಲ್ಕನೆಯದು ಹತ್ತಿರದ ದಾರಿ. ನಿಮ್ಮ ಶಾಲೆಯಲ್ಲಿ ಓದಿ ಈಗ ಹೊರದೇಶದಲ್ಲಿರುವವರ ಮಕ್ಕಳು ಎಲ್ಲೋ ಒಂದು ಶಾಲೆಗೆ ಹೋಗುತ್ತಿರುತ್ತಾರೆ, ಅಲ್ವಾ? ಆ ಶಾಲೆಯ ಶಿಕ್ಷಕರನ್ನು ಪರಿಚಯ ಮಾಡಿಸಿಕೊಳ್ಳಿ.

ಎಚ್ಚರಿಕೆ: ಸೋಷಿಯಲ್ ಮೀಡಿಯಾದಲ್ಲಿ ಸಿಕ್ಕ ಅಪರಿಚಿತರನ್ನು "ಶಿಕ್ಷಕರು" ಎಂದು ನಂಬಿ ತರಗತಿಯ ಬಾಗಿಲು ತೆರೆಯಬೇಡಿ. ಶಾಲೆಯ ಅಧಿಕೃತ ಇಮೇಲ್‌ನಿಂದ ಪತ್ರ ಬರಲಿ, ಅಲ್ಲಿನ ಮುಖ್ಯ ಶಿಕ್ಷಕರ ಒಪ್ಪಿಗೆ ಇರಲಿ. ಮಕ್ಕಳು ಭೇಟಿಯಾಗುವ ಮುಂಚೆ ಶಿಕ್ಷಕರಿಬ್ಬರೂ ಒಮ್ಮೆ ವಿಡಿಯೋದಲ್ಲಿ ಮಾತಾಡಿ.

ಮೊದಲ ಇಮೇಲ್ ಚಿಕ್ಕದಿರಲಿ. ಹೀಗೆ ಬರೆಯಬಹುದು:

"ನಾನು ನಾಲ್ಕನೇ ತರಗತಿಯ ಶಿಕ್ಷಕಿ. ನನ್ನ ತರಗತಿಯಲ್ಲಿ 34 ಮಕ್ಕಳು, ವಯಸ್ಸು 9ರಿಂದ 10. ನೆರಳಿನ ಉದ್ದ ಊರಿಂದ ಊರಿಗೆ ಯಾಕೆ ಬೇರೆ ಎಂದು ಕಂಡುಹಿಡಿಯಲು ಹೊರಟಿದ್ದಾರೆ. ನಿಮ್ಮ ಮಕ್ಕಳೂ ಅದೇ ವಾರ ಅಳೆಯಬಹುದೇ? ಆರು ವಾರದ ಕೆಲಸ, ಮೂರು ಸಲ ವಿನಿಮಯ. ನಿಮ್ಮ ಮಕ್ಕಳಿಗೆ ನಮ್ಮಿಂದ ಏನು ತಿಳಿಯಬೇಕು ಎಂದೂ ಬರೆಯಿರಿ."

ಕೊನೆಯ ಸಾಲು ಬಿಡಬೇಡಿ. ನಮಗೆ ಬೇಕಾದ್ದನ್ನಷ್ಟೇ ಕೇಳಿದ ಪತ್ರಕ್ಕೆ ಉತ್ತರ ಬರುವುದು ಕಡಿಮೆ.

ಶಾಲೆ ಗೊತ್ತುಮಾಡುವ ಮುಂಚೆ ಗಡಿಯಾರ, ಕ್ಯಾಲೆಂಡರ್ ಎರಡನ್ನೂ ನೋಡಿ. ಪ್ರಪಂಚದ ಗಡಿಯಾರಗಳಿಗೆಲ್ಲ ಆಧಾರವಾದ ಸಮಯಕ್ಕೆ ಯುಟಿಸಿ ಎಂದು ಹೆಸರು. ಜಪಾನ್ ಅದಕ್ಕಿಂತ 9 ಗಂಟೆ ಮುಂದೆ, ಪೆರು 5 ಗಂಟೆ ಹಿಂದೆ. ಜಪಾನಿನಲ್ಲಿ ಬೆಳಿಗ್ಗೆ 9 ಆದಾಗ ಪೆರುವಿನಲ್ಲಿ ಹಿಂದಿನ ದಿನ ಸಂಜೆ 7. ಈ ಎರಡು ದೇಶದ ಮಕ್ಕಳು ಶಾಲೆಯ ಹೊತ್ತಿನಲ್ಲಿ ಎದುರಾಬದುರಾ ಮಾತಾಡುವುದು ಸಾಧ್ಯವೇ ಇಲ್ಲ. ನೇರ ಮಾತುಕತೆ ಬೇಕಿದ್ದರೆ ಪೂರ್ವ-ಪಶ್ಚಿಮದ ಬದಲು ಉತ್ತರ-ದಕ್ಷಿಣದ ಕಡೆ ಹುಡುಕಿ. ಕೆನ್ಯಾಕ್ಕೂ ಫಿನ್‌ಲ್ಯಾಂಡಿಗೂ ಬೇಸಿಗೆಯಲ್ಲಿ ಒಂದೇ ಸಮಯ, ಚಳಿಗಾಲದಲ್ಲಿ ಒಂದು ಗಂಟೆ ವ್ಯತ್ಯಾಸ. ಇದನ್ನು ತುಂಬ ಜನ ಯೋಚಿಸುವುದೇ ಇಲ್ಲ.

ಶಾಲೆಯ ವರ್ಷವೂ ಬೇರೆಬೇರೆ. ಜಪಾನಿನಲ್ಲಿ ಏಪ್ರಿಲ್‌ಗೆ, ಫಿನ್‌ಲ್ಯಾಂಡಿನಲ್ಲಿ ಆಗಸ್ಟ್‌ಗೆ ಶುರು. ಆಸ್ಟ್ರೇಲಿಯಾದಲ್ಲಿ ಡಿಸೆಂಬರ್-ಜನವರಿ ಬೇಸಿಗೆ ರಜೆ. ಎರಡೂ ಕಡೆ ಶಾಲೆ ನಡೆಯುವ ಎಂಟು ವಾರ ಸಿಕ್ಕರೆ ಸಾಕು.

ಹಂತ 4: ಒಂದು ಪುಟದ ಒಪ್ಪಂದ

ಎಷ್ಟು ಸಲ, ಯಾವ ತಾರೀಕಿಗೆ, ಯಾವ ಭಾಷೆಯಲ್ಲಿ, ಯಾರು ಏನು ಕಳಿಸಬೇಕು, ತಡವಾದರೆ ಯಾರಿಗೆ ಹೇಳಬೇಕು. ಇಷ್ಟು ಬರೆದು ಇಬ್ಬರೂ ಒಪ್ಪಿಕೊಳ್ಳಿ. ಒಂದು ಕಡೆ ಒಂಬತ್ತು ವಿಡಿಯೋ ಮಾಡಿ ಕಳಿಸಿ ಇನ್ನೊಂದು ಕಡೆಗೆ ಡೌನ್‌ಲೋಡ್ ಮಾಡಲೂ ಆಗದಿದ್ದರೆ ಅಲ್ಲಿನ ಮಕ್ಕಳಿಗೆ ಸಪ್ಪೆ ಮುಖ. ಕಡಿಮೆ ಅನುಕೂಲ ಇರುವ ಶಾಲೆಗೆ ಏನು ಸಾಧ್ಯವೋ ಅದೇ ಇಬ್ಬರ ಅಳತೆಯೂ ಆಗಲಿ.

ಹಂತ 5: ಪೋಷಕರ ಒಪ್ಪಿಗೆ, ಮಕ್ಕಳ ಸುರಕ್ಷತೆ

ಇಲ್ಲಿ ಅವಸರ ಮಾಡಲೇಬೇಡಿ. ಏನು ಹಂಚಿಕೊಳ್ಳುತ್ತೇವೆ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಎಂದು ಬರೆದ ಒಪ್ಪಿಗೆ ಪತ್ರ ಪೋಷಕರಿಗೆ ಕಳಿಸಿ. ಮಗುವನ್ನೂ ಕೇಳಿ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ, 16ನೆಯದು ಮಗುವಿನ ಖಾಸಗಿತನದ್ದು. ಫೋಟೋ ಬೇಡ ಎಂದ ಮಗು ಚಿತ್ರ ಬರೆಯಬಹುದು, ದನಿ ಕೊಡಬಹುದು, ಕೋಲು ಹಿಡಿಯಬಹುದು. ಯಾರೂ ಹೊರಗೆ ಉಳಿಯಬಾರದು.

ಮೊದಲ ಹೆಸರು ಮಾತ್ರ ಸಾಕು. ಮುಖ ಕಾಣುವ ಫೋಟೋಕ್ಕೆ ಹೆಸರು ಸೇರಿಸಬೇಡಿ. ಪತ್ರವೆಲ್ಲ ಶಾಲೆಯ ಇಮೇಲ್ ಮೂಲಕವೇ ಹೋಗಲಿ, ಮಕ್ಕಳ ಮನೆಯ ನಂಬರ್ ಕೊಡುವುದು ಬೇಡ. ಸುಲಭವಾಗಿ ಕಣ್ಣು ತಪ್ಪುವ ಒಂದು ಜಾಗ ಇದೆ: "ನಾನು ಶಾಲೆಗೆ ಬರುವ ದಾರಿ" ಎಂದು ಮಕ್ಕಳು ಬರೆಯುವ ನಕ್ಷೆ. ಅದರಲ್ಲಿ ಮನೆ, ಬೀದಿ, ತಿರುವು ಎಲ್ಲ ಇರುತ್ತದೆ. ಕಳಿಸುವ ಮುಂಚೆ ಮನೆಯ ಗುರುತು ತೆಗೆಸಿ.

ಹಂತ 6: ಮೊದಲು ಕಾದು ನೋಡುವ ವಿನಿಮಯ

ನೇರ ವಿಡಿಯೋ ಕಾಲ್‌ಗೆ ಹಾರಬೇಡಿ. ಪತ್ರ, ಚಿತ್ರ, ರೆಕಾರ್ಡ್ ಮಾಡಿದ ದನಿ, ಇಂಥವುಗಳಿಂದ ಶುರು ಮಾಡಿ. ಕಳಿಸಿದ್ದನ್ನು ಅವರು ತಮ್ಮ ಪುರುಸೊತ್ತಿನಲ್ಲಿ ನೋಡಿ ಉತ್ತರಿಸುತ್ತಾರೆ. ನಾಚಿಕೆಯ ಮಗುವಿಗೂ ಯೋಚಿಸಲು ಸಮಯ ಸಿಗುತ್ತದೆ.

ಎಲ್ಲಕ್ಕಿಂತ ನೋವಿನ ತಪ್ಪು ಒಂದಿದೆ, ನಾನೇ ಮಾಡಿದ್ದು. ನಮ್ಮಲ್ಲಿ 40 ಮಕ್ಕಳು, ಅಲ್ಲಿ 22. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪತ್ರ ಬರೆಸಿದೆ. 22 ಉತ್ತರ ಬಂತು. 18 ಮಕ್ಕಳು ಖಾಲಿ ಕೈಯಲ್ಲಿ ಕೂತಿದ್ದರು. ಅವತ್ತಿನಿಂದ ಗುಂಪಿನ ಪತ್ರ ಮಾತ್ರ. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಪತ್ರ, ಎರಡೂ ಕಡೆ ಗುಂಪುಗಳ ಸಂಖ್ಯೆ ಸಮ.

ಅಂಚೆಯಲ್ಲೂ ಒಂದು ಸಲ ಕಳಿಸಿ. ಕಾಗದ ಮುಟ್ಟಿ ನೋಡುವ ಸಂತೋಷ ಪರದೆಯಲ್ಲಿ ಇಲ್ಲ. ಒಂದು ದೇಶದ ಸ್ಟಾಂಪ್ ಅಂಟಿಸಿದ ಪತ್ರವನ್ನು ಇನ್ನೊಂದು ದೇಶದ ಪೋಸ್ಟ್‌ಮ್ಯಾನ್ ಯಾಕೆ ತಲುಪಿಸುತ್ತಾರೆ ಎಂದು ಮಕ್ಕಳನ್ನು ಕೇಳಿ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ದೇಶಗಳು ಕೂತು ಮಾಡಿಕೊಂಡ ಅಂಚೆ ಒಪ್ಪಂದದ ಫಲ ಅದು. ಇವತ್ತಿನ ವಿಶ್ವ ಅಂಚೆ ಒಕ್ಕೂಟ ಹುಟ್ಟಿದ್ದು ಅಲ್ಲೇ. ಪಾರ್ಸೆಲ್‌ನಲ್ಲಿ ಬೀಜ, ಮಣ್ಣು, ಒಣ ಎಲೆ, ತಿಂಡಿ ಹಾಕಬೇಡಿ. ರೋಗ, ಕೀಟ ಹರಡಬಾರದು ಎಂದು ಅನೇಕ ದೇಶಗಳು ಅವನ್ನು ಗಡಿಯಲ್ಲೇ ತಡೆಯುತ್ತವೆ. ಪಾರ್ಸೆಲ್‌ಗೆ ಕಸ್ಟಮ್ಸ್ ಫಾರಂ, ಅಂದರೆ ಒಳಗೆ ಏನಿದೆ ಎಂದು ಬರೆದುಕೊಡುವ ಚೀಟಿ, ತುಂಬಬೇಕು. ತಲುಪಲು ವಾರಗಳೇ ಆಗಬಹುದು, ಆದ್ದರಿಂದ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 7: ವಿಡಿಯೋ ಕಾಲ್

20 ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಹಿಂದಿನ ದಿನ ಶಿಕ್ಷಕರಿಬ್ಬರೂ ಟೆಸ್ಟ್ ಮಾಡಿ. ಚಿತ್ರ ಮಸುಕಾದರೆ ನಡೆಯುತ್ತದೆ, ದನಿ ಕೇಳದಿದ್ದರೆ ನಡೆಯುವುದಿಲ್ಲ. ಮಾತಾಡುವ ಮಗುವಿಗೆ ಮೈಕ್ ಹತ್ತಿರ ನಿಲ್ಲುವ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ನೆಟ್ ಹೋದರೆ ಏನು ಎಂದು ಮೊದಲೇ ಮಾತಾಡಿಕೊಳ್ಳಿ. ಯುರೋಪಿನ ಬಹುತೇಕ ದೇಶಗಳಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಬದಲಾಗುತ್ತದೆ. ಇದು ಗೊತ್ತಿಲ್ಲದೆ ಒಂದು ಇಡೀ ತರಗತಿ ಖಾಲಿ ಪರದೆ ನೋಡುತ್ತಾ ಕೂರಬೇಕಾಗಬಹುದು.

ಪ್ರಶ್ನೆಗಳನ್ನು ಮುಂಚೆಯೇ ತಯಾರು ಮಾಡಿಸಿ, ಆರು ಸಾಕು. "ನಿಮ್ಮಲ್ಲಿ ಅದು ಇಲ್ವಾ?" ಎಂಬ ಪ್ರಶ್ನೆಯನ್ನು "ನೀವು ಅದನ್ನು ಹೇಗೆ ಮಾಡುತ್ತೀರಿ?" ಎಂದು ಬದಲಿಸಲು ಕಲಿಸಿ. ಮೊದಲನೆಯದರಲ್ಲಿ ಕೊರತೆ ಎಣಿಸುವ ಧಾಟಿ ಇದೆ. ಎರಡನೆಯದಕ್ಕೆ ಆ ಕಡೆಯ ಮಗು ಖುಷಿಯಿಂದ ಉತ್ತರ ಕೊಡುತ್ತದೆ.

ಹಂತ 8: ಕಷ್ಟದ ಮಾತು ಬಂದಾಗ

ಬರುತ್ತದೆ. "ಅವರು ಬಡವರಾ?" "ಅಲ್ಲಿ ಯುದ್ಧ ನಡೀತಿದೆಯಾ?" "ಅವರ ಬಣ್ಣ ಯಾಕೆ ಹಾಗಿದೆ?" ಮಗುವನ್ನು ಗದರಬೇಡಿ. ಗದರಿದರೆ ಪ್ರಶ್ನೆ ಹೋಗುವುದಿಲ್ಲ, ನಿಮ್ಮನ್ನು ಕೇಳುವುದು ನಿಲ್ಲುತ್ತದೆ, ಅಷ್ಟೇ. ಕ್ಯಾಮೆರಾ ಆಫ್ ಆದ ಮೇಲೆ ಸಮಾಧಾನವಾಗಿ ಮಾತಾಡಿ. ಬಣ್ಣದ ಪ್ರಶ್ನೆಗೆ ಸರಳ ವಿಜ್ಞಾನ ಇದೆ: ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಎಲ್ಲರಿಗೂ ಇರುತ್ತದೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ಬಡತನದ ಪ್ರಶ್ನೆಗೆ, ನಮ್ಮ ಊರಲ್ಲೂ ಉಳ್ಳವರು, ಇಲ್ಲದವರು ಇಬ್ಬರೂ ಇದ್ದಾರಲ್ಲ, ಅಲ್ಲೂ ಹಾಗೇ ಎಂದು ಶುರು ಮಾಡಬಹುದು. ಆ ದೇಶದಲ್ಲಿ ನಿಜಕ್ಕೂ ಯುದ್ಧವೋ ನೆರೆಯೋ ಬಂದಿದ್ದರೆ ಮೊದಲು ಅಲ್ಲಿನ ಶಿಕ್ಷಕರನ್ನು ಕೇಳಿ. ಯಾವುದರ ಬಗ್ಗೆ ಮಾತಾಡಬಹುದು ಎಂದು ಅವರೇ ಹೇಳಲಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಗೆಳೆಯರ ಶಾಲೆಯಲ್ಲಿ ಬೆಂಚು ಇಲ್ಲದ್ದು ಕಂಡ ತಕ್ಷಣ ಮಕ್ಕಳು, ಪೋಷಕರು ದುಡ್ಡು, ಹಳೇ ಪುಸ್ತಕ ಸಂಗ್ರಹಿಸಲು ಹೊರಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಮೊದಲ ವರ್ಷ ಇದನ್ನು ಮಾಡಬೇಡಿ. ಒಮ್ಮೆ ಕೊಡುವವರು, ಪಡೆಯುವವರು ಎಂದು ಆದ ಮೇಲೆ ಆ ಮಕ್ಕಳು ಮತ್ತೆ ಸಮಾನವಾಗಿ ಮಾತಾಡುವುದು ಕಷ್ಟ. ಕೊಟ್ಟ ಮಗು ಥ್ಯಾಂಕ್ಸ್‌ಗೆ ಕಾಯುತ್ತದೆ, ಪಡೆದ ಮಗು ಎದುರು ಮಾತಾಡಲು ಹಿಂಜರಿಯುತ್ತದೆ. ಬೆಂಚು ಯಾಕಿಲ್ಲ, ಶಾಲೆಗೆ ದುಡ್ಡು ಎಲ್ಲಿಂದ ಬರುತ್ತದೆ, ಯಾರು ತೀರ್ಮಾನಿಸುತ್ತಾರೆ ಎಂದು ಎರಡೂ ಕಡೆಯ ಮಕ್ಕಳು ಸೇರಿ ಕೇಳಿಕೊಳ್ಳಲಿ. ಆ ಬೆಂಚಿನಿಂದ ಅವರು ಕಲಿಯಬೇಕಾದದ್ದು ಅದು.

ಹಂತ 9: ಏನು ಬದಲಾಯಿತು ಎಂದು ನೋಡಿ

ಪರೀಕ್ಷೆ ಬೇಡ. ಮೊದಲ ವಾರ ಬರೆಸಿದ ಚಿತ್ರವನ್ನೇ ಮತ್ತೆ ಬರೆಸಿ, ಎರಡನ್ನೂ ಪಕ್ಕದಲ್ಲಿಡಿ. ಮೊದಲ ಚಿತ್ರದಲ್ಲಿ ಬರೀ ಕಟ್ಟಡವೋ ಕಾಡೋ ಇದ್ದದ್ದು, ಎರಡನೆಯದರಲ್ಲಿ ಹೆಸರಿರುವ ಮಕ್ಕಳಾಗಿ, ಆಡುವ ಆಟವಾಗಿ ಬದಲಾಗಿದೆಯೇ? ಮಾತಿನಲ್ಲೂ ಗಮನಿಸಿ. "ಅವರೆಲ್ಲ ಹಾಗೇ" ಎನ್ನುತ್ತಿದ್ದ ಮಗು "ಕೆಲವರು" ಎನ್ನಲು ಶುರು ಮಾಡಿದ್ದರೆ ತಾರೀಕು ಸಮೇತ ಬರೆದಿಡಿ. ಬದಲಾಗದಿದ್ದರೂ ಬರೆದಿಡಿ. ಕೆಲವು ಸಲ ತಪ್ಪು ಕಲ್ಪನೆ ಇನ್ನೂ ಗಟ್ಟಿಯಾಗಿರುತ್ತದೆ, ಮುಂದಿನ ಪ್ರಶ್ನೆಯನ್ನು ಅಲ್ಲಿಂದ ಆರಿಸಬೇಕು.

ಹಂತ 10: ಮುಂದಿನ ವರ್ಷಕ್ಕೆ ಕೈ ದಾಟಿಸಿ

ಒಂದು ಫೈಲ್ ಮಾಡಿ. ಒಪ್ಪಂದದ ಪುಟ, ಒಪ್ಪಿಗೆ ಪತ್ರದ ಮಾದರಿ, ಆ ಕಡೆಯ ಶಿಕ್ಷಕರ ವಿಳಾಸ, ಎರಡೂ ಶಾಲೆಯ ರಜೆಯ ಪಟ್ಟಿ, ಏನು ಕೈಕೊಟ್ಟಿತು ಎಂಬ ಅರ್ಧ ಪುಟ. ರಜೆಗೆ ಎರಡು ವಾರ ಮುಂಚೆ, ನಿಮ್ಮ ಜೊತೆ ಕೆಲಸ ಮಾಡಿದ ಶಿಕ್ಷಕರನ್ನು ಕೂರಿಸಿಕೊಂಡು ಆ ಕಡೆಗೆ ಒಂದು ಇಮೇಲ್ ಬರೆಯಿರಿ. ಅದರಲ್ಲಿ ಎರಡೇ ವಿಷಯ ಇರಲಿ: ಮುಂದಿನ ವರ್ಷ ಯಾರು ಮಾತಾಡುತ್ತಾರೆ, ಮೊದಲ ಪತ್ರ ಯಾವ ವಾರ ಬರುತ್ತದೆ. ಮಕ್ಕಳು ಗೋಡೆಗೆ ಎಳೆದ ದಾರಗಳನ್ನು ಬಿಚ್ಚಬೇಡಿ, ಹೊಸ ತರಗತಿ ಬಂದು ನೋಡಲಿ.